ಗೈರುಹಾಜರಿಗೆ ಎಷ್ಟು ಅಂಕ?

ಮೂವತ್ತು ವರ್ಷ ಪಾಠ ಹೇಳಿದವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಏನನ್ನು ಕಂಡರೂ ಮನಸ್ಸಿನಲ್ಲೇ ಅಂಕ ಹಾಕುವುದು. ಮದುವೆ ಮನೆಯ ಗೋಧಿ ಹುಗ್ಗಿಗೆ ಹತ್ತಕ್ಕೆ ಏಳು, ಬೀಗರ ಮಾತಿಗೆ ಹತ್ತಕ್ಕೆ ಮೂರು, ಹೀಗೆ. ನಮ್ಮ ಮನೆಯವರು, "ನನಗೆಷ್ಟು ಹಾಕಿದ್ದೀ ಅನ್ನೋದೊಂದು ಹೇಳಬ್ಯಾಡ ತಾಯಿ" ಎಂದು ಕೈ ಮುಗಿಯುತ್ತಾರೆ. ಅಂಥ ನನಗೆ ಅಂಕಪಟ್ಟಿ ಎಂಬ ವಸ್ತುವಿನ ಮೇಲೇ ಅನುಮಾನ ಬರುವಂತೆ ಮಾಡಿದ್ದು ಒಬ್ಬ ರೈತ ಕೇಳಿದ ಪ್ರಶ್ನೆ.

2024ರ ಲೋಕಸಭಾ ಚುನಾವಣೆಗೆ ಸ್ವಲ್ಪ ಮುಂಚಿನ ಮಾತು. ಚಿಗಟೇರಿಯ ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳಿಗೆ 'ನಮ್ಮ ಪ್ರತಿನಿಧಿ' ಎಂದು ಒಂದು ಯೋಜನೆಯ ವಿಷಯ ಕೊಟ್ಟಿದ್ದೆ. ಒಬ್ಬ ಹುಡುಗಿ ಅಣ್ಣನ ಮೊಬೈಲಿನಲ್ಲಿ ಹುಡುಕಿ, ರಾತ್ರಿ ಕೂತು ಬರೆದು, ನಮ್ಮ ಲೋಕಸಭಾ ಸದಸ್ಯರ ಅಂಕಪಟ್ಟಿಯನ್ನೇ ತಯಾರಿಸಿಕೊಂಡು ಬಂದಳು. ದೊಡ್ಡ ಡ್ರಾಯಿಂಗ್ ಹಾಳೆ, ಕೆಂಪು ಶಾಯಿಯ ಗೆರೆ. ಹಾಜರಿ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಪಾಲ್ಗೊಂಡ ಚರ್ಚೆ ಇಷ್ಟು. ನಾನು ಸಂತೋಷದಿಂದ 'ಬಹಳ ಚೆನ್ನಾಗಿದೆ' ಎಂದು ಬರೆದು ಗೋಡೆಗೆ ತೂಗುಹಾಕಿಸಿದೆ.

ಪಾಲಕರ ಸಭೆಗೆ ಬಂದ ಅವಳಪ್ಪ ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ಕೇಳಿದ: "ಮೇಡಮ್ಮಾರೆ, ಎಲ್ಲಾ ಚಲೋ ಐತಿ. ಆದರ ಆ ಕೊರೋನಾ ವರ್ಷ ಹೊರದೇಶದ ಮೆಕ್ಕೆಜೋಳ ತರಸಾಕ ನಮ್ಮ ಎಂಪಿಯವರು ಕೈ ಎತ್ತಿದ್ರೋ, ಬ್ಯಾಡ ಅಂದ್ರೋ? ಅದು ಇದರಾಗ ಎಲ್ಲೈತಿ?"

ನಾನು ಹಾಳೆಯ ಕಡೆ ನೋಡಿದೆ. ಎಲ್ಲಿಯೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮೇಷ್ಟರಾದವರು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು. ಆ 'ನಾಳೆ' ಬರುವುದಕ್ಕೆ ನನಗೆ ಹಲವು ತಿಂಗಳು ಬೇಕಾಯಿತು. ಆ ಹುಡುಕಾಟದ ಫಲವೇ ಈ ಬರಹ. ಇದು ಯಾವೊಬ್ಬ ಸಂಸದರ ಮೇಲಿನ ದೂರಲ್ಲ. ಯಾವ ಕ್ಷೇತ್ರದ ಯಾರ ಹೆಸರು ಹಾಕಿಕೊಂಡು ಓದಿದರೂ ಲೆಕ್ಕ ಇಷ್ಟೇ. ನಮ್ಮೂರಿನವರಂತೂ ಇದ್ದ ಮನೆಯಲ್ಲೇ ಇದ್ದು ಜಿಲ್ಲೆ ಬದಲಾಯಿಸಿದ ಜನ. 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಲೋಕಸಭೆಗೆ ಮಾತ್ರ ಈಗಲೂ ದಾವಣಗೆರೆ ಕ್ಷೇತ್ರಕ್ಕೇ ಮತ ಹಾಕುತ್ತೇವೆ. ಹಾಗಾಗಿ ನನ್ನ ಮಾತಿಗೆ ಒಂದೇ ಜಿಲ್ಲೆಯ ಹಂಗಿಲ್ಲ.

ಮೊದಲು ಆ ಅಂಕಪಟ್ಟಿಯನ್ನೇ ನೋಡೋಣ. ಚುನಾವಣೆ ಬಂತೆಂದರೆ ಪತ್ರಿಕೆಗಳೆಲ್ಲ ಇಂಥ ಪಟ್ಟಿ ಹಾಕುತ್ತವೆ. ದೆಹಲಿಯ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ 2005ರಿಂದ ಸಂಸತ್ತಿನ ಕೆಲಸದ ಲೆಕ್ಕ ಇಡುತ್ತಾ ಬಂದಿದೆ. ಅದು ಒಳ್ಳೆಯ ಕೆಲಸ, ನನಗೂ ಉಪಯೋಗವಾಯಿತು. ಆದರೆ ಆ ಅಂಕಿಗಳನ್ನು ತೆಗೆದುಕೊಂಡು ನಾವು ಮಾಡುವ ಅಂಕಪಟ್ಟಿ ಏನನ್ನು ಅಳೆಯುತ್ತದೆ? ಹಾಜರಿ ಎಂದರೆ ಆಗ ರಿಜಿಸ್ಟರಿನಲ್ಲಿ ಸಹಿ. ಸಹಿ ಹಾಕಿ ಹೊರಗೆ ಹೋದವರಿಗೂ ಅಂಕ ಇತ್ತು. ಪ್ರಶ್ನೆ ನೂರು ಕೇಳಿದರೆ ನೂರು ಎಂದು ಎಣಿಸುತ್ತೇವೆ, ಏನು ಕೇಳಿದರು ಎಂದು ನೋಡುವುದಿಲ್ಲ. ಎಲ್ಲಕ್ಕಿಂತ ತಮಾಷೆಯೆಂದರೆ ಮಂತ್ರಿಗಳದ್ದು. ಅವರು ಆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಿರಲಿಲ್ಲ, ಪ್ರಶ್ನೆಯನ್ನು ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅಂದರೆ ಹೊರದೇಶದ ಕಾಳು ಬರಬೇಕೋ ಬೇಡವೋ ಎಂದು ನಿಜವಾಗಿ ತೀರ್ಮಾನ ಮಾಡುವವರ ಅಂಕಪಟ್ಟಿ ಖಾಲಿ! ಮದುವೆಯ ಲೆಕ್ಕದಲ್ಲಿ ಊಟದೆಲೆ ಎಣಿಸಿ ಮದುಮಗಳನ್ನು ಮರೆತಂತೆ.

ಹಾಗಾದರೆ ಮತ ಎಣಿಸೋಣ ಎನ್ನಬಹುದು. ನನಗೂ ಹಾಗೇ ಅನ್ನಿಸಿತ್ತು. ಸದಸ್ಯ ಎಷ್ಟು ಮಾತಾಡಿದ ಎನ್ನುವುದಕ್ಕಿಂತ ಯಾವ ಕಡೆ ಮತ ಹಾಕಿದ ಎನ್ನುವುದು ಗಟ್ಟಿ ಸಾಕ್ಷಿ. ಅಮೆರಿಕದಲ್ಲಿ ಇದನ್ನು ಮಾಡುತ್ತಾ ಬಂದಿದ್ದಾರೆ. ವಾಷಿಂಗ್ಟನ್ನಿನ ಕೇಟೋ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಮುಕ್ತ ವ್ಯಾಪಾರದ ವಿಷಯದಲ್ಲಿ ಅಲ್ಲಿನ ಪ್ರತಿಯೊಬ್ಬ ಶಾಸಕ ಹೇಗೆ ಮತ ಹಾಕಿದ ಎಂದು ಎಣಿಸಿ ಪಟ್ಟಿ ಮಾಡಿತು. ಅದರಲ್ಲಿ ಎರಡು ಪ್ರಶ್ನೆಗಳಿವೆ. ಹೊರಗಿನ ಸರಕಿಗೆ ಸುಂಕದ ಬೇಲಿ ಹಾಕಬೇಕೆಂದನೋ, ಬೇಡವೆಂದನೋ? ಒಳಗಿನ ಉತ್ಪಾದಕರಿಗೆ ಸಹಾಯಧನ ಕೊಡಬೇಕೆಂದನೋ, ಬೇಡವೆಂದನೋ? ಎರಡು ಪ್ರಶ್ನೆಗೆ ಎರಡೆರಡು ಉತ್ತರವಾದರೆ ನಾಲ್ಕು ಮನೆ. ಬೇಲಿಯೂ ಬೇಡ, ಸಹಾಯಧನವೂ ಬೇಡ ಎಂದವರು ಮೊದಲ ಮನೆಯಲ್ಲಿ, ಎರಡೂ ಬೇಕೆಂದವರು ಕೊನೆಯ ಮನೆಯಲ್ಲಿ, ಒಂದು ಬೇಕು ಒಂದು ಬೇಡ ಎಂದವರು ನಡುವಿನ ಎರಡರಲ್ಲಿ.

ಮೇಷ್ಟರ ಕಣ್ಣಿಗೆ ಇದು ಅಚ್ಚುಕಟ್ಟಾದ ಕೆಲಸ. ಒಬ್ಬ ಶಾಸಕ 'ನಾನು ವ್ಯಾಪಾರದ ಪರ' ಎಂದು ಭಾಷಣ ಮಾಡಿ, ತನ್ನ ಊರಿನ ಸಕ್ಕರೆಗೆ ಮಾತ್ರ ಬೇಲಿ ಕೇಳಿದರೆ ಈ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಒಂದು ದೋಷ ಉಂಟು. ಆ ಸಂಸ್ಥೆ ಮುಕ್ತ ವ್ಯಾಪಾರವನ್ನು ಬಯಸುವಂಥದು. ಹಾಗಾಗಿ ಅದರ ಪಟ್ಟಿಯಲ್ಲಿ ಬೇಲಿ ಕಿತ್ತವನು ಜಾಣ, ಬೇಲಿ ಕಟ್ಟಿದವನು ದಡ್ಡ. ಇದೇ ಪಟ್ಟಿಯನ್ನು ಒಂದು ರೈತ ಸಂಘ ಮಾಡಿದರೆ ಅದೇ ಮತಕ್ಕೆ ಅಂಕ ತಿರುವುಮುರುವಾಗುತ್ತದೆ. ತಪ್ಪೇನಿಲ್ಲ, ಆದರೆ ಅಳೆಯುವವರು ತಮ್ಮ ಸೇರು ಯಾವ ಅಂಗಡಿಯದು ಎಂದು ಮೊದಲೇ ಹೇಳಬೇಕು.

ಆ ಸೇರು ನಮ್ಮ ಅಡುಗೆಮನೆಯಲ್ಲೇ ಎಷ್ಟು ಕಷ್ಟದ್ದೆಂದು ನೋಡಿ. ನನ್ನ ತಮ್ಮ ಹರಪನಹಳ್ಳಿ ಸೀಮೆಯಲ್ಲಿ ಹೊಲ ಮಾಡುತ್ತಾನೆ, ಎಣ್ಣೆಕಾಳು ಹಾಕಿದ ವರ್ಷ ಅವನಿಗೆ ಎಣ್ಣೆಯ ಬೆಲೆ ಏರಬೇಕು. ನಾನು ತಿಂಗಳ ಸಂಬಳದವಳು, ನನಗೆ ಅದು ಇಳಿಯಬೇಕು. 2024ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಬರುವ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಯಿಂದ 20 ಪ್ರತಿಶತಕ್ಕೆ ಏರಿಸಿದರು. ಬೆಳೆಗಾರರಿಗೆ ಸಮಾಧಾನವಾಯಿತು, ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ದೀಪಾವಳಿಗೆ ಕರ್ಚೀಕಾಯಿ ಕರಿಯುವಾಗ ಗೊಣಗಿದರು. 2025ರ ಮೇ ತಿಂಗಳಲ್ಲಿ ಅದನ್ನು 10ಕ್ಕೆ ಇಳಿಸಿದರು. ಆಗ ನಾವು ಸುಮ್ಮನಾದೆವು, ತಮ್ಮ ಗೊಣಗಿದ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಒಂದೇ ಸುಂಕ ಒಬ್ಬರಿಗೆ ಸಿಹಿ, ಒಬ್ಬರಿಗೆ ಕಹಿ. ಹಾಗಿರುವಾಗ ನಮ್ಮ ಸದಸ್ಯ ಏರಿಸಿ ಎಂದರೆ ಎಷ್ಟು ಅಂಕ, ಇಳಿಸಿ ಎಂದರೆ ಎಷ್ಟು ಅಂಕ? ನಾನು ನಿರ್ಧರಿಸಿದ್ದು ಇಷ್ಟು: ಅವರು ಯಾವ ಕಡೆ ನಿಂತರು ಎನ್ನುವುದಕ್ಕೆ ಅಂಕ ಬೇಡ. ನಿಂತ ಜಾಗ ಯಾವುದೆಂದು ನಮಗೆ ಕಾಣಿಸಿದರೆ, ಅದಕ್ಕೆ ಕಾರಣ ಹೇಳಿದರೆ, ಅದಕ್ಕೆ ಅಂಕ.

ಆದರೆ ಕಾಣಿಸುವುದೇ ಇಲ್ಲವಲ್ಲ! ನನ್ನ ಹುಡುಕಾಟ ಎಡವಿದ್ದು ಇಲ್ಲಿಯೇ.

ಆ ರೈತನ ಮೆಕ್ಕೆಜೋಳದಿಂದಲೇ ಶುರುಮಾಡುತ್ತೇನೆ. ನಮ್ಮ ಕಡೆ ಒಂದು ಕಾಲಕ್ಕೆ ಶೇಂಗಾ, ಬಿಳಿಜೋಳ ಇದ್ದ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. 2020ರಲ್ಲಿ ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಗಾಳಿಸುದ್ದಿಗೆ ಕೋಳಿ ಸಾಕಣೆ ಕುಸಿಯಿತು, ಕೋಳಿಯ ಮೇವಾದ ಮೆಕ್ಕೆಜೋಳವನ್ನು ಕೇಳುವವರಿಲ್ಲವಾಯಿತು. ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ರೂಪಾಯಿ ಎಂದಿದ್ದರೂ ಮಾರುಕಟ್ಟೆ ಅದರ ಹತ್ತಿರಕ್ಕೂ ಬರಲಿಲ್ಲ. ರಾಜ್ಯ ಸರ್ಕಾರ ಬೆಳೆಗಾರರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 5 ಲಕ್ಷ ಟನ್ ಮೆಕ್ಕೆಜೋಳವನ್ನು 15 ಪ್ರತಿಶತದ ಕಡಿಮೆ ಸುಂಕದಲ್ಲಿ ಹೊರಗಿನಿಂದ ತರಿಸಿಕೊಳ್ಳಲು ಅನುಮತಿ ಕೊಟ್ಟಿತು.

ಇದಕ್ಕೆ ಕೈ ಎತ್ತಿದವರು ಯಾರು? ಯಾರೂ ಇಲ್ಲ. ಸಂಸತ್ತು ಮಾರ್ಚ್ 23ಕ್ಕೆ ಮುಂದೂಡಿದ್ದು ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಜೂನ್ ತಿಂಗಳಲ್ಲಿ ಸದನಕ್ಕೆ ಬೀಗ. ಬೀಗ ಇಲ್ಲದಿದ್ದರೂ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. 1962ರ ಕಸ್ಟಮ್ಸ್ ಕಾಯಿದೆಯ 25ನೇ ಕಲಮಿನ ಪ್ರಕಾರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಸುಂಕದಿಂದ ವಿನಾಯಿತಿ ಕೊಡಬಹುದು. ಆ ಕಾಗದವನ್ನು ಆಮೇಲೆ ಸದನದ ಮೇಜಿನ ಮೇಲೆ ಇಡುತ್ತಾರೆ. ಮೇಜಿನ ಮೇಲೆ ಅಂಥ ಕಾಗದಗಳ ರಾಶಿಯೇ ಇರುತ್ತದೆ. ಎಣ್ಣೆಯ ಸುಂಕ ಏರಿದ್ದೂ ಇಳಿದದ್ದೂ ಹೀಗೆಯೇ.

ಬಜೆಟ್ಟಿನಲ್ಲಿ ಬರುವ ಸುಂಕಕ್ಕಾದರೂ ಮತ ಇದೆಯಲ್ಲ ಎನ್ನಬಹುದು. ಇದೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30ರಿಂದ 5 ಪ್ರತಿಶತಕ್ಕೆ ಇಳಿಸಿದಾಗ ರಾಮನಗರದ ಕಡೆಯ ರೇಷ್ಮೆ ಬೆಳೆಗಾರರು ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಅದು ಹಣಕಾಸು ವಿಧೇಯಕ ಎಂಬ ದೊಡ್ಡ ಗಂಟಿನ ಒಳಗಿನ ಒಂದು ಚೂರು. ಗಂಟಿಗೆ ಒಟ್ಟಾಗಿ 'ಹೌದು' ಅನ್ನಬೇಕು, ಇಲ್ಲ 'ಅಲ್ಲ' ಅನ್ನಬೇಕು. ಅದು ಬಿದ್ದರೆ ಸರ್ಕಾರವೇ ಬೀಳುತ್ತದೆ. ಹಾಗಾಗಿ 'ಹೌದು' ಎಂದವರು ರೇಷ್ಮೆಗೆ ಹೌದೆಂದರೋ, ಸರ್ಕಾರಕ್ಕೆ ಹೌದೆಂದರೋ, ಬೇರ್ಪಡಿಸಲು ಆಗುವುದಿಲ್ಲ. ಇಡೀ ಉತ್ತರ ಪತ್ರಿಕೆಗೆ ಒಂದೇ ಟಿಕ್ ಹಾಕಿದಂತೆ.

ಇನ್ನು ದೇಶ ದೇಶಗಳ ನಡುವಿನ ಒಪ್ಪಂದ. ಇದನ್ನು ಹೇಳುವಾಗ ನನಗೆ 1993ರ ಬಳ್ಳಾರಿ ನೆನಪಾಗುತ್ತದೆ. ಆ ವರ್ಷ ಜುಲೈ ತಿಂಗಳಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಕಾರ್ಗಿಲ್ ಕಂಪನಿಯ ಬೀಜ ಘಟಕಕ್ಕೆ ರಾಜ್ಯ ರೈತ ಸಂಘದವರು ನುಗ್ಗಿ ಕೆಡವಿದ್ದರು. ಅದಕ್ಕೆ ಮುಂಚೆ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಅದೇ ಕಂಪನಿಯ ಕಚೇರಿಗೆ ನುಗ್ಗಿದ್ದರು. ನಾನಾಗ ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದ ಹುಡುಗಿ. ನಮ್ಮ ಜಗಲಿಯ ಮೇಲೆ ಡಂಕೆಲ್ ಪ್ರಸ್ತಾಪ ಎಂಬ ಹೆಸರನ್ನು ಅಕ್ಷರ ಬಾರದವರೂ ಆಡುತ್ತಿದ್ದರು. ಕೆಡವಿದ್ದು ಸರಿಯೋ ತಪ್ಪೋ ಎಂದು ಆ ಜಗಲಿಯಲ್ಲೇ ಎರಡು ಪಕ್ಷವಿತ್ತು, ಕೆಡವುವುದು ಉತ್ತರವಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು. ಆದರೆ ಈಗ ಯೋಚಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಆ ಚಳವಳಿಯ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಆಗ ಧಾರವಾಡ ಗ್ರಾಮೀಣ ಕ್ಷೇತ್ರದ ಶಾಸಕರು. ಗ್ಯಾಟ್ ಒಪ್ಪಂದದ ಬಗ್ಗೆ ನಾಡಿನಲ್ಲಿ ಅವರಷ್ಟು ಮಾತಾಡಿದ ಶಾಸಕ ಇನ್ನೊಬ್ಬರಿಲ್ಲ. ಅದರ ಮೇಲೆ ಅವರು ಹಾಕಿದ ಮತ ಎಷ್ಟು? ಸೊನ್ನೆ. ಹಾಕುವ ಅವಕಾಶವೇ ಇರಲಿಲ್ಲ.

ಕಾರಣ ನಾನು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುವ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ರಾಜ್ಯ ಪಟ್ಟಿಯ 14ನೇ ಬಾಬು ಕೃಷಿ. ಕೇಂದ್ರ ಪಟ್ಟಿಯ 14ನೇ ಬಾಬು ವಿದೇಶಗಳೊಡನೆ ಒಪ್ಪಂದ. ಅದೇ ಸಂಖ್ಯೆ, ಬೇರೆ ಮನೆ. ಹೊಲ ಬೆಂಗಳೂರಿನ ಪಾಲಿಗೆ, ಹೊಲದ ಬೆಳೆಯ ಬಗ್ಗೆ ಪರದೇಶಕ್ಕೆ ಕೊಡುವ ಮಾತು ದೆಹಲಿಯ ಪಾಲಿಗೆ. ದೆಹಲಿಯಲ್ಲೂ ಅದು ಸರ್ಕಾರದ ಕೈಯಲ್ಲಿ, ಸದನದ ಕೈಯಲ್ಲಲ್ಲ. 1994ರ ಏಪ್ರಿಲ್ 15ರಂದು ಮೊರಾಕೊ ದೇಶದ ಮರಾಕೆಶ್‌ನಲ್ಲಿ ಆಗಿನ ವಾಣಿಜ್ಯ ಮಂತ್ರಿ ಪ್ರಣಬ್ ಮುಖರ್ಜಿಯವರು ಸಹಿ ಹಾಕಿದರು, 1995ರ ಜನವರಿ 1ರಿಂದ ವಿಶ್ವ ವ್ಯಾಪಾರ ಸಂಸ್ಥೆ ಜಾರಿಗೆ ಬಂತು. ಆ ಒಪ್ಪಂದವನ್ನು ಅನುಮೋದಿಸಲು ನಮ್ಮ ಸಂಸತ್ತಿನಲ್ಲಿ ಮತ ನಡೆಯಲಿಲ್ಲ. ಅಮೆರಿಕದಲ್ಲಿ ನಡೆಯಿತು. ಅಲ್ಲಿನ ಕೆಳಮನೆಯಲ್ಲಿ 288ಕ್ಕೆ 146, ಮೇಲ್ಮನೆಯಲ್ಲಿ 76ಕ್ಕೆ 24. ಅಷ್ಟೂ ಜನ ಹೆಸರು ಹೇಳಿ ಮತ ಹಾಕಿದ್ದರಿಂದಲೇ ಅಲ್ಲಿ ಅಂಕಪಟ್ಟಿ ಮಾಡಲು ಬರುತ್ತದೆ. 2025ರ ಜುಲೈ 24ರಂದು ನಾವು ಬ್ರಿಟನ್ನಿನ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದವನ್ನೇ ನೋಡಿ. ಅವರ ಕಾಯಿದೆ ಪ್ರಕಾರ ಅಂಥ ಒಪ್ಪಂದವನ್ನು 21 ಕಲಾಪ ದಿನಗಳ ಕಾಲ ಅವರ ಸಂಸತ್ತಿನ ಮುಂದಿಡಬೇಕು. ನಮ್ಮಲ್ಲಿ ಅಂಥ ಕಾಯಿದೆಯೇ ಇಲ್ಲ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ಒಪ್ಪಂದ ಮಾಡಿಕೊಳ್ಳುವ ಕ್ರಮಕ್ಕೆ ಸಂಸತ್ತು ಒಂದು ಕಾನೂನು ಮಾಡಬೇಕು ಎಂದು ಹೇಳಿತ್ತು. ಹೇಳಿದ್ದು ಹೇಳಿದ ಹಾಗೆಯೇ ಉಳಿದಿದೆ.

ಮತ ಹಾಕುವ ಪ್ರಸಂಗ ಬಂದಾಗಲೂ ಎರಡು ತೊಡಕು. ಒಂದು, ಧ್ವನಿಮತ. ಪರವಾಗಿರುವವರು 'ಹೌದು' ಎನ್ನಿ, ವಿರೋಧ ಇರುವವರು 'ಅಲ್ಲ' ಎನ್ನಿ, ಹೌದು ಎಂದವರೇ ಹೆಚ್ಚು, ಆಯಿತು. ಯಾರು ಎಂದರು ಎಂದು ಎಲ್ಲೂ ಬರೆಯುವುದಿಲ್ಲ. ತರಗತಿಯಲ್ಲಿ 'ಎಲ್ಲರಿಗೂ ಅರ್ಥವಾಯಿತೇ' ಎಂದಾಗ 'ಆಯಿತೂ' ಎಂದು ರಾಗ ಎಳೆಯುತ್ತಾರಲ್ಲ, ಹಾಗೆ. ಯಾರಿಗೆ ಆಯಿತು ಎಂದು ತಿಳಿಯಬೇಕಾದರೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಬೇಕು. ಸದನದಲ್ಲಿ ಹಾಗೆ ಎಬ್ಬಿಸಿ ಕೇಳುವುದಕ್ಕೆ ಮತ ವಿಭಜನೆ ಎನ್ನುತ್ತಾರೆ. ಆಗ ಮಾತ್ರ ಹೆಸರು ದಾಖಲಾಗುತ್ತದೆ. 2020ರ ಸೆಪ್ಟೆಂಬರ್ 20ರಂದು ಕೃಷಿ ವಿಧೇಯಕಗಳು ರಾಜ್ಯಸಭೆಗೆ ಬಂದಾಗ ವಿರೋಧ ಪಕ್ಷದವರು ವಿಭಜನೆ ಕೇಳಿದರು, ಗದ್ದಲದ ನಡುವೆ ಧ್ವನಿಮತದಲ್ಲೇ ಅಂಗೀಕಾರವಾಯಿತು. 2021ರ ನವೆಂಬರ್ 29ರಂದು ಆ ಕಾಯಿದೆಗಳನ್ನು ಹಿಂದಕ್ಕೆ ಪಡೆದದ್ದೂ ಧ್ವನಿಮತದಿಂದಲೇ, ಚರ್ಚೆ ಇಲ್ಲದೆ. ಬಂದದ್ದೂ ಕೂಗಿನಲ್ಲಿ, ಹೋದದ್ದೂ ಕೂಗಿನಲ್ಲಿ. ಪರವಿದ್ದವರಿಗೂ ವಿರೋಧವಿದ್ದವರಿಗೂ ತಮ್ಮ ಮತದ ರಸೀತಿ ಇಲ್ಲ.

ಎರಡನೆಯದು ಪಕ್ಷದ ವಿಪ್. 1985ರ ಪಕ್ಷಾಂತರ ನಿಷೇಧ ಕಾಯಿದೆ ಬಂದ ಮೇಲೆ, ಪಕ್ಷ ಹೇಳಿದ್ದಕ್ಕೆ ವಿರುದ್ಧವಾಗಿ ಮತ ಹಾಕಿದರೆ, ಹಾಕದೆ ಸುಮ್ಮನಿದ್ದರೂ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವವೇ ಹೋಗಬಹುದು. ಆಯಾರಾಂ ಗಯಾರಾಂ ಕಾಲವನ್ನು ಕಂಡವರಿಗೆ ಆ ಕಾಯಿದೆ ಏಕೆ ಬೇಕಾಯಿತು ಎಂದು ಹೇಳಬೇಕಿಲ್ಲ. ಆದರೆ ಅದರ ಪರಿಣಾಮವಾಗಿ ಇಡೀ ಬೆಂಚು ಒಂದೇ ಉತ್ತರ ಬರೆಯುತ್ತದೆ. ಒಂದು ಬೆಂಚಿನ ಎಂಟು ಹುಡುಗರು ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ ಬರೆದರೆ ನಾವು ಎಂಟು ಜನಕ್ಕೂ ಅಂಕ ಕೊಡುತ್ತೇವೆಯೇ? ಮೂಲ ಬರೆದವನು ಯಾರು ಎಂದು ಕೇಳುತ್ತೇವೆ.

ಹೀಗೆ ಎಲ್ಲ ಬಾಗಿಲೂ ಮುಚ್ಚಿರುವಾಗ ಒಂದು ಬಾಗಿಲು ತೆರೆದ ದಿನ ನನಗೆ ಸಿಕ್ಕಿತು. ಅದಕ್ಕೂ ನಮ್ಮ ಹಳೆಯ ಜಿಲ್ಲೆ ಬಳ್ಳಾರಿಗೂ ಒಂದು ನಂಟಿದೆ. 1999ರ ಚುನಾವಣೆಯಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ಇಬ್ಬರು ಹೆಣ್ಣುಮಕ್ಕಳು ಬಂದು ನಿಂತದ್ದು ನಿಮಗೆಲ್ಲ ನೆನಪಿರಬಹುದು. ಸೋನಿಯಾ ಗಾಂಧಿಯವರು ಸುಮಾರು 56 ಸಾವಿರ ಮತಗಳಿಂದ ಗೆದ್ದರು. ಸೋತ ಸುಷ್ಮಾ ಸ್ವರಾಜ್ ಅವರು ಅಷ್ಟೇ ದಿನದಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದರು, ಸೋತ ಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಹದಿಮೂರು ವರ್ಷದ ಮೇಲೆ, 2012ರ ಡಿಸೆಂಬರಿನಲ್ಲಿ, ಅದೇ ಇಬ್ಬರು ಲೋಕಸಭೆಯ ಎರಡು ಕಡೆ. ಒಬ್ಬರು ಆಳುವ ಮೈತ್ರಿಕೂಟದ ಅಧ್ಯಕ್ಷೆ, ಇನ್ನೊಬ್ಬರು ವಿರೋಧ ಪಕ್ಷದ ನಾಯಕಿ. ಚಿಲ್ಲರೆ ಅಂಗಡಿ ವ್ಯಾಪಾರದಲ್ಲಿ ವಿದೇಶಿ ಕಂಪನಿಗಳು 51 ಪ್ರತಿಶತದವರೆಗೆ ಬಂಡವಾಳ ಹೂಡಬಹುದೆಂದು ಸರ್ಕಾರ ಮಾಡಿದ ತೀರ್ಮಾನವನ್ನು ಹಿಂದಕ್ಕೆ ಪಡೆಯಬೇಕು ಎಂದು ಸುಷ್ಮಾ ಅವರು ನಿರ್ಣಯ ಮಂಡಿಸಿದರು. ಇದು ಸುಂಕದ ಮಾತಲ್ಲ ನಿಜ, ಆದರೆ ಹೊರಗಿನ ವ್ಯಾಪಾರಿಗೆ ಬಾಗಿಲು ತೆರೆಯುವ ಮಾತು. ಮುಖ್ಯವಾಗಿ, ಡಿಸೆಂಬರ್ 5ರಂದು ಇದಕ್ಕೆ ವಿಭಜನೆಯ ಮತ ನಡೆಯಿತು.

ಫಲಿತಾಂಶ: ನಿರ್ಣಯದ ಪರ 218, ವಿರುದ್ಧ 253. ನಿರ್ಣಯ ಬಿತ್ತು, ವಿದೇಶಿ ಬಂಡವಾಳದ ತೀರ್ಮಾನ ಉಳಿಯಿತು. ಓದುವವರು ಇಲ್ಲೊಂದು ಎಚ್ಚರ ವಹಿಸಬೇಕು. ಇಲ್ಲಿ 'ಹೌದು' ಎಂದವರು ವಿದೇಶಿ ಅಂಗಡಿ ಬೇಡ ಎಂದವರು, 'ಅಲ್ಲ' ಎಂದವರು ಬರಲಿ ಎಂದವರು. ಪ್ರಶ್ನೆ ಓದದೆ ಉತ್ತರ ತಿದ್ದಿದರೆ ಎಲ್ಲ ತಲೆಕೆಳಗು.

ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಿದೆ. ಆ ದಿನ ಸಮಾಜವಾದಿ ಪಕ್ಷದ 22 ಮತ್ತು ಬಹುಜನ ಸಮಾಜ ಪಕ್ಷದ 21 ಸದಸ್ಯರ ಗುಂಪುಗಳು ಮತಕ್ಕೆ ಮೊದಲು ಸಭಾತ್ಯಾಗ ಮಾಡಿದವು. ಎರಡೂ ಪಕ್ಷ ಆ ತೀರ್ಮಾನವನ್ನು ಬಾಯಲ್ಲಿ ವಿರೋಧಿಸಿದ್ದವು. 22ಕ್ಕೆ 21 ಕೂಡಿಸಿ, 43. ಅದನ್ನು 218ಕ್ಕೆ ಕೂಡಿಸಿ, 261. ಅದು 253ಕ್ಕಿಂತ 8 ಹೆಚ್ಚು. ತರಗತಿ ನಿಶ್ಶಬ್ದವಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಅಂದ್ರ ಟೀಚರ್, ಹೊರಗ ಹೋದೋರ ಗೆಲ್ಲಿಸಿದ್ರು?" ಎಂದ. ಮೂವತ್ತು ವರ್ಷದಲ್ಲಿ ಪೌರನೀತಿಯ ಪಾಠಕ್ಕೆ ಅಷ್ಟು ಒಳ್ಳೆಯ ಉತ್ತರ ನನಗೆ ಸಿಕ್ಕಿರಲಿಲ್ಲ. ಡಿ.ಎಂ.ಕೆ. ಪಕ್ಷವಂತೂ ತೀರ್ಮಾನಕ್ಕೆ ತನ್ನ ವಿರೋಧವಿದೆ ಎಂದು ಹೇಳಿಯೇ ಸರ್ಕಾರದ ಪರ ಮತ ಹಾಕಿತು. ಎರಡು ದಿನ ಬಿಟ್ಟು ರಾಜ್ಯಸಭೆಯಲ್ಲಿ ನಿರ್ಣಯ 109ಕ್ಕೆ 123ರಿಂದ ಬಿದ್ದಾಗ, ಬಹುಜನ ಸಮಾಜ ಪಕ್ಷ ಹೊರನಡೆಯದೆ ಸರ್ಕಾರದ ಜೊತೆಗೇ ನಿಂತಿತು. ಅವರಿಗೆ ಅವರದೇ ಕಾರಣಗಳಿದ್ದವು. ಸರ್ಕಾರ ಬೀಳಬಾರದು, ಇನ್ನೊಂದು ಪಕ್ಷಕ್ಕೆ ಬಲ ಬರಬಾರದು, ಇತ್ಯಾದಿ. ಅದು ರಾಜಕೀಯ, ಇರಲಿ. ಆದರೆ ನಮ್ಮ ಅಂಕಪಟ್ಟಿಯಲ್ಲಿ ಹೊರನಡೆದವರಿಗೂ ಆ ದಿನ ಸಹಿ ಹಾಕಿದ್ದಕ್ಕೆ ಪೂರ್ತಿ ಹಾಜರಿ, ಭಾಷಣ ಮಾಡಿದ್ದಕ್ಕೆ ಚರ್ಚೆಯ ಅಂಕವೂ ಸಿಗುತ್ತದೆ. ಫಲಿತಾಂಶವನ್ನು ನಿರ್ಧರಿಸಿದ ಆ ಗೈರುಹಾಜರಿಗೆ ಮಾತ್ರ ಯಾವ ಕಲಮೂ ಇಲ್ಲ.

ಇನ್ನೊಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ಹೊಂದುವಂತೆ ಪೇಟೆಂಟ್ ಕಾಯಿದೆ ತಿದ್ದಲು 1995ರಲ್ಲಿ ಕಾಂಗ್ರೆಸ್ ಸರ್ಕಾರ ವಿಧೇಯಕ ತಂದಿತು. ಬಿಜೆಪಿಯೂ ಸೇರಿದಂತೆ ವಿರೋಧ ಪಕ್ಷಗಳು ಒಪ್ಪಲಿಲ್ಲ. ಲೋಕಸಭೆ ದಾಟಿದ ವಿಧೇಯಕ ರಾಜ್ಯಸಭೆಯಲ್ಲಿ ನಿಂತು, ಕಡೆಗೆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಅಮೆರಿಕ ಆ ಸಂಸ್ಥೆಯ ಮುಂದೆ ದೂರು ಕೊಟ್ಟು ಗೆದ್ದಿತು. ಆಮೇಲೆ 1999ರ ಮಾರ್ಚ್ ಹೊತ್ತಿಗೆ ಆ ತಿದ್ದುಪಡಿಯನ್ನು ಪಾಸು ಮಾಡಿಸಿದ್ದು ಬಿಜೆಪಿ ನೇತೃತ್ವದ ಸರ್ಕಾರ, ಕಾಂಗ್ರೆಸ್ಸಿನ ಬೆಂಬಲ ಪಡೆದು. ಒಬ್ಬರನ್ನು ಹೊಗಳಿ ಒಬ್ಬರನ್ನು ತೆಗಳಲು ಇದನ್ನು ಹೇಳುತ್ತಿಲ್ಲ. ಬೆಂಚು ಬದಲಾದರೆ ಉತ್ತರ ಬದಲಾಗುತ್ತದೆ ಎನ್ನುವುದನ್ನು ಅಳೆಯುವವರು ಮರೆಯಬಾರದು. ವಿರೋಧದ ಬೆಂಚಿನ ಮೇಲೆ ಹಾಕಿದ ಮತಕ್ಕೆ ಖರ್ಚಿಲ್ಲ. ಆಳುವ ಬೆಂಚಿಗೆ ಬಂದಾಗಲೂ ಅದೇ ಮಾತು ಆಡಿದವರ ಮಾತೇ ಲೆಕ್ಕಕ್ಕೆ ಬರುವಂಥದು.

ಹಾಗಾದರೆ ಏನು ಅಳೆಯೋಣ? ಆ ಹುಡುಗಿ ಹತ್ತನೇ ತರಗತಿ ಮುಗಿಸುವ ಮೊದಲೇ ಅವಳನ್ನು ಕೂರಿಸಿಕೊಂಡು ಹಾಳೆಗೆ ಹೊಸ ಗೆರೆ ಹಾಕಿದೆವು. ಮೊದಲ ಕಲಮು: ನಮ್ಮ ಬೆಳೆಯ ಬಗ್ಗೆ ತೀರ್ಮಾನವಾದಾಗ ಸದನದಲ್ಲಿ ಮತ ನಡೆಯಿತೇ? ಎರಡನೆಯದು: ನಡೆದಿದ್ದರೆ ಹೆಸರು ದಾಖಲಾಗುವಂತೆ ನಡೆಯಿತೇ, ನಮ್ಮವರು ಹೌದೋ, ಅಲ್ಲವೋ, ಹೊರಗೋ? ಮೂರನೆಯದು: ಮತ ನಡೆಯದಿದ್ದರೆ ಅವರು ಪ್ರಶ್ನೆ ಕೇಳಿದರೇ? ಎಷ್ಟು ಎಂದಲ್ಲ, ಏನು ಎಂದು. ನಾಲ್ಕನೆಯದು: ಅವರ ಪಕ್ಷ ಬೆಂಚು ಬದಲಾಯಿಸಿದಾಗ ಮಾತು ಬದಲಾಯಿತೇ? ಕೆಳಗೆ ಒಟ್ಟು ಅಂಕ ಹಾಕುವ ಜಾಗವನ್ನು ಅವಳೇ ಅಳಿಸಿದಳು. "ಕೂಡಿಸಾಕ ಬರಂಗಿಲ್ಲ ಟೀಚರ್, ಎಲ್ಲಾ ಬ್ಯಾರೆ ಬ್ಯಾರೆ ಅದಾವು" ಎಂದಳು.

2020ರ ಮೆಕ್ಕೆಜೋಳದ ಸಾಲಿನಲ್ಲಿ ಮೊದಲ ಕಲಮಿಗೆ 'ಇಲ್ಲ' ಎಂದು ಬರೆದಳು. ಎರಡನೆಯದಕ್ಕೆ ಗೆರೆ ಎಳೆದಳು. ಖಾಲಿ ಬಿಟ್ಟರೆ ಹುಡುಕಲಿಲ್ಲ ಎಂದಾಗುತ್ತದೆ, ಗೆರೆ ಎಳೆದರೆ ಹುಡುಕಿದೆ, ಅಲ್ಲಿ ಏನೂ ಇರಲಿಲ್ಲ ಎಂದಾಗುತ್ತದೆ. ಆ ವ್ಯತ್ಯಾಸವನ್ನು ನಾನು ಹೇಳಿಕೊಟ್ಟದ್ದಲ್ಲ.

ಅವಳಪ್ಪ ಮುಂದಿನ ಸಲ ಸಿಕ್ಕಿದ್ದು ನಾರದಮುನಿಯ ಗುಡಿಯ ಮುಂದೆ. ನಮ್ಮೂರಿನ ದೇವರು ಮೂರು ಲೋಕದ ಸುದ್ದಿಯನ್ನು ಅತ್ತ ಇತ್ತ ಸಾಗಿಸುವಾತ. ಅವನ ಎದುರಿಗೆ ನಿಂತು ನಾನು ನನ್ನ ಸುದ್ದಿ ಹೇಳಿದೆ: "ಅಪ್ಪಾ, ಕೈ ಎತ್ತಿಲ್ಲ. ಬ್ಯಾಡ ಅಂತಾನೂ ಅಂದಿಲ್ಲ. ಅವರನ್ನ ಯಾರೂ ಕೇಳಿಲ್ಲ."

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹಂಗಾರ ನಮ್ಮನ್ನ ಓಟು ಕೇಳಾಕ ಬಂದಾಗ, ನಿಮ್ಮನ್ನ ಯಾಕ ಕೇಳಲಿಲ್ಲ ಅಂತ ನಾವರ ಕೇಳಬೇಕಲ್ರಿ."

ಅಕ್ಕತಂಗಿಯರೇ, ಎಣ್ಣೆ, ಕಾಳು, ಸೀರೆಯ ರೇಷ್ಮೆ, ಎಲ್ಲ ನಮ್ಮ ಕೈಮೇಲೆ ಹಾದುಹೋಗುವ ಸರಕು. ಮುಂದಿನ ಸಲ ಯಾರಾದರೂ ಅಂಕಪಟ್ಟಿ ಹಿಡಿದು ಬಾಗಿಲಿಗೆ ಬಂದರೆ, ಒಟ್ಟು ಎಷ್ಟು ಎಂದು ನೋಡುವ ಮೊದಲು, ಯಾವ ಪ್ರಶ್ನೆಗೆ ಎಂದು ಕೇಳಿ. ಮತ ಇರಲಿಲ್ಲ ಎಂದರೆ ಯಾಕಿರಲಿಲ್ಲ ಎಂದು ಕೇಳಿ. ನಾನು ಮೂವತ್ತು ವರ್ಷ ಮಕ್ಕಳಿಗೆ 'ಮತವೇ ನಮ್ಮ ದನಿ' ಎಂದು ಪಾಠ ಹೇಳಿದೆ. ಈಗಲೂ ಹೇಳುತ್ತೇನೆ, ಆದರೆ ಆ ಹುಡುಗಿಯ ಹಾಳೆ ತೋರಿಸಿ ಹೇಳುತ್ತೇನೆ. 'ಬಹಳ ಚೆನ್ನಾಗಿದೆ' ಎಂದು ಮೊದಲು ಬರೆದಿದ್ದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಹಸಿರು ಶಾಯಿಯಲ್ಲಿ 'ತಿದ್ದಿದ್ದು' ಎಂದು ಬರೆದು, ತಾರೀಖು ಹಾಕಿ, ನನ್ನ ಸಹಿ ಮಾಡಿದ್ದೇನೆ.